ಹನ್ನೊಂದನೆಯ ನಿಮಿಷ

ಎಸ್ಟೋನಿಯಾದ ದಕ್ಷಿಣ ತುದಿ, ವೊರು ಪಟ್ಟಣದಾಚೆ,
ಹೆಪ್ಪುಗಟ್ಟಿದ ಕೆರೆಯ ಬದಿಗೊಂದು ಶಾಲೆ.
ಬಾಗಿಲ ಒಳಗೆ ಹನ್ನೆರಡು ಜೊತೆ ಬೂಟು,
ಹಿಮ ಕರಗಿ ಸುತ್ತ ಹನ್ನೆರಡು ಪುಟ್ಟ ಮಡು.
ಒಂದು ಜೊತೆಯ ಅಡಿ ಮಾತ್ರ
ಕೊಂಡ ದಿನದ ಹಾಗೇ ಇದೆ, ಸವೆದಿಲ್ಲ.

ಅದು ಲೇಲೊಳದು.
ಎಂಟು ವರ್ಷ. ಗಾಲಿಕುರ್ಚಿ.
ಮಾತಿಲ್ಲ ಎನ್ನುತ್ತದೆ ಕಡತ;
ಬರೆದವರು ಆ ದಿನ ಬೇಗ ಹೋಗಿರಬೇಕು, ನಗು ಕೇಳಿಲ್ಲ.
ಮಡಿಲ ಹಲಗೆಯ ಮೇಲೆ ಇಪ್ಪತ್ತನಾಲ್ಕು ಚಿತ್ರ:
ನೀರು, ಬ್ರೆಡ್ಡು, ಅಮ್ಮ, ನೋವು, ಸಾಕು, ಇನ್ನಷ್ಟು.
ಬಲಗೈ ಮುಷ್ಟಿ ತೂಗುತ್ತ ತೊನೆಯುತ್ತ ಬಂದು
ಒಂದರ ಮೇಲೆ ಇಳಿಯಬೇಕು.
ಬಿರುಗಾಳಿಯಲ್ಲಿ ದೋಣಿಯನ್ನು
ದಡಕ್ಕೆ ಹಚ್ಚುವ ಕೆಲಸ, ಪ್ರತಿ ಸಲವೂ,
ಒಂದು ಲೋಟ ನೀರಿಗೆ.

ನನ್ನದು ಎಣಿಸುವ ಕೆಲಸ.
ತಾರ್ತುವಿನಿಂದ ಬೆಳಗಿನ ಬಸ್ಸಿಗೆ ಬಂದು
ಮಕ್ಕಳ ಕುರ್ಚಿಯಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂತು
ಹದಿನೈದು ಸೆಕೆಂಡಿಗೊಂದು ಗುರುತು ಹಾಕುತ್ತೇನೆ:
ಸಂವಹನ, ಹೌದು. ಸಂವಹನ, ಅಲ್ಲ.
ಇಪ್ಪತ್ತು ನಿಮಿಷಕ್ಕೆ ಎಂಬತ್ತು ಮನೆ,
ಯಾವ ಮನೆಯಲ್ಲೂ ಯಾರೂ ವಾಸವಿಲ್ಲ.

ಒಂದೇ ಜೊತೆ ಕಣ್ಣನ್ನು ಶಾಸ್ತ್ರ ನಂಬುವುದಿಲ್ಲ.
ಹಾಗಾಗಿ ಎದುರು ಮೂಲೆಯಲ್ಲಿ ಉರ್ವೆ.
ಇಪ್ಪತ್ತೊಂಬತ್ತು ವರ್ಷದಿಂದ ಈ ಮಕ್ಕಳ
ಮೂಗು ಒರೆಸಿದವಳು, ಬೆಲ್ಟು ಬಿಗಿದವಳು,
ಪದವಿಯಿಲ್ಲ, ಪೆನ್ಸಿಲು ಹೆರೆಯುವುದು ಅಡುಗೆ ಚಾಕುವಿನಲ್ಲಿ.
ಒಬ್ಬರ ಹಾಳೆ ಒಬ್ಬರು ನೋಡಕೂಡದು.
ನೂರಕ್ಕೆ ಎಂಬತ್ತು ಹೊಂದಿದರೆ ಸಾಕು.

ಹೊಂದಿತು. ಎಂಬತ್ತರಲ್ಲಿ ಎಪ್ಪತ್ತಾರು.
ಹೊಂದದ ನಾಲ್ಕೂ ಅಕ್ಕಪಕ್ಕ,
ಹನ್ನೊಂದನೆಯ ನಿಮಿಷದಲ್ಲಿ.
ನಾನು ನಾಲ್ಕು ಸಲ ಅಲ್ಲ ಎಂದಿದ್ದೆ.
ಉರ್ವೆ ನಾಲ್ಕು ಸಲ ಹೌದು.

ವಿಡಿಯೊ ಹಾಕಿ ನೋಡಿದೆವು.
ಮುಷ್ಟಿ ಏಳುತ್ತದೆ, ನೀರು ದಾಟುತ್ತದೆ, ಬ್ರೆಡ್ಡು ದಾಟುತ್ತದೆ,
ಅಮ್ಮನನ್ನೂ ದಾಟಿ
ಎರಡು ಚಿತ್ರಗಳ ನಡುವಿನ ಬಿಳಿಯ ಮೇಲೆ ಇಳಿಯುತ್ತದೆ.
ಇಳಿದು ಅಲ್ಲೇ ಕೂರುತ್ತದೆ.

ಗುರಿ ತಪ್ಪಿದೆ, ಎಂದೆ.
ಉರ್ವೆ ಕನ್ನಡಕ ತೆಗೆದು ಅಂಗಿಯಂಚಿಗೆ ಒರೆಸಿದಳು.
ಈ ಕೈ ಅಲುಗದೆ ಒಂದು ನಿಮಿಷ ನಿಂತದ್ದು
ಇನ್ನೆಂದಾದರೂ ಕಂಡಿದ್ದೀಯಾ?

ಐದು ತಿಂಗಳ ಟಿಪ್ಪಣಿ ತಿರುವಿದೆ.
ಕಂಡಿರಲಿಲ್ಲ.

ಮಧ್ಯಾಹ್ನ ಅವಳು ಹಾಲಿನ ಡಬ್ಬದ ರಟ್ಟು ಕತ್ತರಿಸಿ,
ಬಿಳಿಯ ಬದಿ ಮೇಲಾಗಿ, ಇಪ್ಪತ್ತೈದನೆಯ ಮನೆ ಅಂಟಿಸಿದಳು.
ಚಿತ್ರವಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ:
ಇದ್ಯಾವುದೂ ಅಲ್ಲ.

ಮೊದಲ ವಾರವೇ ಹತ್ತೊಂಬತ್ತು ಸಲ ಮುಷ್ಟಿ ಅಲ್ಲಿಳಿಯಿತು.
ಮತ್ತೇನು, ಲೇಲೊ? ಕಿಟಕಿಯೇ? ಬೆಕ್ಕೇ?
ಕುರ್ಚಿ ತಿರುಗಿಸಬೇಕೇ? ನಾನು ಎದ್ದು ಹೋಗಬೇಕೇ?
ರೆಪ್ಪೆ ಮುಚ್ಚಿದರೆ ಇಲ್ಲ ಎಂದರ್ಥ.
ಮುಚ್ಚಿದಳು, ಮುಚ್ಚಿದಳು,
ಮುಚ್ಚಿ ತೆರೆವಾಗೊಮ್ಮೆ ನಕ್ಕಳು,
ಹಿಂದಿನ ಬೆಂಚಿನ ಇಬ್ಬರು ದಡ್ಡರಿಗೆ
ಮಗ್ಗಿ ಹೇಳಿಕೊಡುವವಳ ನಗು.

ಪ್ರಬಂಧದಲ್ಲಿ ಬರೆದೆ: ಹೊಂದಾಣಿಕೆ ನೂರಕ್ಕೆ ತೊಂಬತ್ತೈದು.
ಸುಳ್ಳಲ್ಲ.
ತಜ್ಞರು ಓದಿ ಮೆಚ್ಚಿದರು, ಅಲ್ಪವಿರಾಮ ತಿದ್ದಿದರು.
ಉಳಿದ ಐದನ್ನು ಯಾರೂ ಕೇಳಲಿಲ್ಲ.

ಮಾರ್ಚ್ ಬಂತು. ಕೆರೆ ರಾತ್ರಿಯೆಲ್ಲ ಬಿರಿಯುತ್ತದಂತೆ.
ಶಾಲೆಯ ಅಡುಗೆಮನೆಯಲ್ಲಿ, ಫ್ರಿಜ್ಜಿನ ಬಾಗಿಲ ಮೇಲೆ
ಉರ್ವೆಯ ದಪ್ಪಕ್ಷರದ ಪಟ್ಟಿ, ಮೂರನೆಯ ಹಾಳೆಗೆ ಹರಿದಿದೆ:
ಜೇನು ಅಲ್ಲ. ಅಜ್ಜಿ ಅಲ್ಲ. ನಿದ್ದೆ ಅಲ್ಲ.
ಮೇಲಿನ ಮಹಡಿ ಅಲ್ಲ.
ನನ್ನ ಕೈಬರಹದಲ್ಲೂ ಈಗ ಒಂದೆರಡು ಸಾಲಿವೆ.

ನಿನ್ನೆ ಸೇರಿದ್ದು:
ಕುದುರೆಯೂ ಅಲ್ಲ.